ಹಳೇ ಶೀಟು ಒಡೆಯಬೇಡಿ

ಬದಿಯಡ್ಕದ ನಿಮ್ಮ ಹಟ್ಟಿಯ 30 ವರ್ಷ ಹಳೇ ಆಸ್ಬೆಸ್ಟಾಸ್ ಶೀಟು ಒಡೆದು ತೋಟದ ದಾರಿಗೆ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಗಟ್ಟಿ ಶೀಟು ಸುಮ್ನೆ ಮಾಡಿನಲ್ಲಿದ್ದರೆ ಅಪಾಯ ಕಡಿಮೆ. ಒಡೆದಾಗ, ಕೊರೆದಾಗ, ಒಣಗಿದ ಪಾಚಿ ಉಜ್ಜಿದಾಗ ಕಣ್ಣಿಗೆ ಕಾಣದ ನಾರು ಹಾರಿ ಶ್ವಾಸಕೋಶದಲ್ಲಿ ಕೂರುತ್ತದೆ. ಅದರಿಂದ ಬರುವ ಕ್ಯಾನ್ಸರ್ ಕಾಣಿಸುವುದು ಹೆಚ್ಚಾಗಿ 20-40 ವರ್ಷ ಕಳೆದ ಮೇಲೆ. ಆಗ ಶೀಟಿನ ನೆನಪು ಯಾರಿಗಿರುತ್ತದೆ? ಶೀಟಿಗೆ ಹೆಚ್ಚಾಗಿ ಬಳಸುವ ಬಿಳಿ ಬಗೆಯ ಆಸ್ಬೆಸ್ಟಾಸ್‌ನಿಂದ ತೊಂದರೆ ಇಲ್ಲ ಅಂತ ಯಾರಾದರೂ ಅಂದರೂ ನಂಬಬೇಡಿ. ಎಲ್ಲ ಬಗೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ. ಶೀಟಿನ ಮೇಲೆ ಕಾಲಿಡಬೇಡಿ, ಮುರಿದು ಬೀಳುತ್ತೀರಿ. ಮುಖಕ್ಕೆ ಬೈರಾಸು (ಟವೆಲ್) ಕಟ್ಟಿಕೊಂಡರೆ ಸಾಲದು, ತೀರಾ ಸಣ್ಣ ಧೂಳನ್ನೂ ತಡೆಯುವ ಪಿ-100 ಫಿಲ್ಟರಿನ ಮಾಸ್ಕ್ ಬೇಕು. ಇಳಿಸಿದ್ದನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎಲ್ಲಿಗೆ ಕೊಡಬೇಕೆಂದು ಪಂಚಾಯತಿನಲ್ಲಿ ಕೇಳಿ. ಮಕ್ಕಳನ್ನು ಆ ದಿನ ಹತ್ತಿರ ಬಿಡಬೇಡಿ.