ಅರ್ಜಿಯನ್ನು ಮಕ್ಕಳೇ ಬರೆಯಲಿ
(ಸಂಪಾದಕರ ಉತ್ತರ)

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದಿಂದ ಬರೆದ ಓದುಗರಿಗೆ ನಮಸ್ಕಾರ.

ತಮ್ಮ ಪತ್ರವನ್ನು ಪೂರ್ತಿಯಾಗಿ ಅಚ್ಚು ಹಾಕಲು ಸ್ಥಳವಿಲ್ಲ. ಉಳಿದ ಓದುಗರಿಗಾಗಿ ಅದರ ಸಾರವನ್ನು ಹೇಳುತ್ತೇನೆ. ಕನ್ನಡ ಮಾಧ್ಯಮದ ಸರಕಾರಿ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿ ಓದುತ್ತಿರುವ ತಮ್ಮ ಮಗಳು ಶಾಲೆಯ ಬಾವಿಗೆ ಮಳೆನೀರು ಇಂಗಿಸುವ ಗುಂಪು ಯೋಜನೆಯೊಂದರಲ್ಲಿದ್ದಾಳೆ. ಗುಂಪಿನಲ್ಲಿ ಆರು ಮಂದಿ, ದುಡಿಯುವವರು ಇಬ್ಬರೇ, ಅಂಕ ಮಾತ್ರ ಎಲ್ಲರಿಗೂ ಸಮ. ಬಾವಿಯ ಕೆಲಸ ಪಂಚಾಯತಿನದ್ದು, ಮಕ್ಕಳದ್ದಲ್ಲ. ಬರುವ ವರ್ಷ ಎಸ್ಸೆಸ್ಸೆಲ್ಸಿ. ಕೊನೆಯಲ್ಲಿ ತಾವು ಕೇಳಿದ್ದು: "ಇಲ್ಲಿ ಕನ್ನಡದಲ್ಲಿ ಓದುವ ಮಕ್ಕಳಿಗೆ ಈಗಿರುವ ಹೊರೆ ಸಾಲದೆ?"

ಈ ಪ್ರಶ್ನೆಯ ಹಿಂದಿರುವ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ತಮ್ಮ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಕನ್ನಡದ ಮಕ್ಕಳಿಗೆ ಇಂಥ ಕೆಲಸ ಉಳಿದವರಿಗಿಂತ ಒಂದು ಪಟ್ಟು ಹೆಚ್ಚೇ ಬೇಕು ಎಂಬುದು ನನ್ನ ನಿಲುವು.

ಮೊದಲು ಓದಿನ ವಿಷಯ. ಮಳೆನೀರಿನ ಕೆಲಸದಲ್ಲಿ ಓದು ಹಾಳಾಗುತ್ತದೆ ಎಂದು ತಾವು ಬರೆದಿದ್ದೀರಿ. ಆ ಕೆಲಸದೊಳಗೆ ಏನಿದೆ ಎಂದು ನೋಡೋಣ. ಶಾಲೆಯ ಒಂದು ಕಟ್ಟಡ 20 ಮೀಟರ್ ಉದ್ದ, 8 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುತ್ತದೆ. ಅಂದರೆ ಆ ಒಂದೇ ಮಾಡಿನ (ಛಾವಣಿಯ) ಮೇಲೆ 5,60,000 ಲೀಟರ್. ಐದರಲ್ಲಿ ಒಂದು ಪಾಲು ಚೆಲ್ಲಿ, ಹಾರಿ ಹೋಯಿತೆಂದರೂ ನಾಲ್ಕು ಲಕ್ಷ ಲೀಟರಿಗೆ ಮಿಕ್ಕಿ ಉಳಿಯಿತು. ಇಷ್ಟು ನೀರು ತಲೆಯ ಮೇಲೆ ಬಿದ್ದರೂ ಎಪ್ರಿಲಿನಲ್ಲಿ ಕೊಡಪಾನ ಬಾವಿಯ ತಳಕ್ಕೆ ಬಡಿಯುವುದೇಕೆ? ಇದನ್ನು ಕೇಳಿಕೊಂಡ ಮಗುವಿಗೆ ಗಣಿತ, ಭೂಗೋಳ, ವಿಜ್ಞಾನ ಬೇರೆಬೇರೆ ಪುಸ್ತಕಗಳಾಗಿ ಉಳಿಯುವುದಿಲ್ಲ.

ಹಂಚಿನ ಮಾಡು ಇಳಿಜಾರಾಗಿರುತ್ತದೆ. ಅಳೆಯಬೇಕಾದದ್ದು ಇಳಿಜಾರಿನ ಉದ್ದವನ್ನೋ, ಅದು ಕೆಳಗೆ ನೆಲದಲ್ಲಿ ಆವರಿಸುವ ಜಾಗವನ್ನೋ? ಮಕ್ಕಳು ಇಲ್ಲಿ ಜಗಳವಾಡುತ್ತಾರೆ, ಆಡಬೇಕು. ಮಳೆ ನೇರವಾಗಿ ಬೀಳುವುದರಿಂದ ಲೆಕ್ಕಕ್ಕೆ ಬರುವುದು ನೆಲದ ಅಳತೆಯೇ. ಇದನ್ನು ಮಾಸ್ತರರು ಕರಿಹಲಗೆಯಲ್ಲಿ ಬರೆದುಕೊಟ್ಟರೆ ಸಂಜೆಯೊಳಗೆ ಮರೆತುಹೋಗುತ್ತದೆ. ಟೇಪು ಹಿಡಿದು ಅಂಗಳದಲ್ಲಿ ವಾದಿಸಿ ಗೆದ್ದವಳು, ಸೋತವನು ಇಬ್ಬರೂ ಮರೆಯುವುದಿಲ್ಲ. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ಮಾಡಿನ ಧೂಳು, ತರಗೆಲೆ, ಹಕ್ಕಿಯ ಹಿಕ್ಕೆ ಎಲ್ಲ ಅದರಲ್ಲಿರುತ್ತದೆ. ಸೋಸುವ ತೊಟ್ಟಿಯಲ್ಲಿ ಅಡಿಗೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಇದ್ದಿಲು, ಎಲ್ಲಕ್ಕಿಂತ ಮೇಲೆ ಮರಳು. ಪ್ಲಾಸ್ಟಿಕ್ ಪೈಪಿಗೆ ದುಡ್ಡಿಲ್ಲದಿದ್ದರೆ ಒಂದೆರಡು ಮಳೆಗಾಲಕ್ಕೆ ಅಡಿಕೆ ಮರದ ದಂಬೆ, ಅಂದರೆ ಕಾಂಡ ಸೀಳಿ ಮಾಡಿದ ನೀರಿನ ದೋಣಿ, ಸಾಕು. ಅದನ್ನು ಸೀಳುವ ಕ್ರಮ ಗುಂಪಿನ ಯಾರಾದರೊಬ್ಬನ ಅಜ್ಜನಿಗೆ ಗೊತ್ತೇ ಇರುತ್ತದೆ.

ಯೋಜನೆ ಸೋಲಲೂಬಹುದು. ತೂತುತೂತಾದ ಕೆಂಪು ಮುರಕಲ್ಲಿನ ಗುಡ್ಡದಲ್ಲಿ ಇಂಗಿದ ನೀರು ಶಾಲೆಯ ಬಾವಿಯಲ್ಲೇ ನಿಲ್ಲುತ್ತದೆ ಎಂಬ ಖಾತರಿ ಇಲ್ಲ. ಕೆಳಗಿನ ತೋಟದವರು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ ಅದು ಹೊರಬಂದೀತು. ವಾರಕ್ಕೊಮ್ಮೆ ಹಗ್ಗ ಇಳಿಸಿ ನೀರಿನ ಮಟ್ಟ ಗುರುತು ಹಾಕಿಕೊಂಡ ಮಕ್ಕಳು "ನಮ್ಮ ಬಾವಿಗೆ ಇದರಿಂದ ಹೆಚ್ಚು ಲಾಭವಾಗಲಿಲ್ಲ" ಎಂದು ಬರೆದರೆ ಅದಕ್ಕೂ ಪೂರ್ತಿ ಅಂಕ ಸಲ್ಲಬೇಕು. ಹಗ್ಗ ಇಳಿಸುವಾಗ ಹಿರಿಯರೊಬ್ಬರು ಪಕ್ಕದಲ್ಲಿ ಇರಲೇಬೇಕು. ಮಾಡು ಹತ್ತುವುದು, ಗುಂಡಿ ತೋಡುವುದು ಮಕ್ಕಳ ಕೆಲಸವಲ್ಲ. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಈಗ "ಇಬ್ಬರೇ ದುಡಿಯುತ್ತಾರೆ" ಎಂಬ ದೂರು. ಇದು ನ್ಯಾಯವಾದ ದೂರು. ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ 100 ಅಂಕದ ವಿಷಯಕ್ಕೆ 20 ಅಂಕ ನಿರಂತರ ಮೌಲ್ಯಮಾಪನದ್ದು, ಅಂದರೆ ಇಂಥ ಕೆಲಸಗಳನ್ನು ನೋಡಿ ಶಾಲೆಯೇ ಕೊಡುವಂಥದ್ದು, ಎಂಬುದು ತಮಗೆ ತಿಳಿದಿದೆ. ಅಂಕಕ್ಕಾಗಿಯೇ ಮಾಡಿದ ಯೋಜನೆ ಅಂಗಡಿಯಿಂದ ತಂದ ಬಣ್ಣದ ಹಾಳೆಗಳಲ್ಲಿ ಮುಗಿಯುತ್ತದೆ. ಆರು ಮಂದಿಗೆ ಆರು ಹೊಣೆಗಳಿರಲಿ: ಅಳತೆ, ಲೆಕ್ಕ, ದಿನಚರಿ, ಹಣ, ಪತ್ರ ವ್ಯವಹಾರ, ಸಾಮಗ್ರಿ. ತಿಂಗಳಿಗೊಮ್ಮೆ ಹೊಣೆ ಅದಲುಬದಲಾಗಲಿ. ಅಂಕ ಕೊಡುವ ಮೊದಲು ಅಧ್ಯಾಪಕರು ಆರರಲ್ಲಿ ಯಾರನ್ನಾದರೂ ಕರೆದು ಯಾವ ಭಾಗದ ಬಗ್ಗೆಯಾದರೂ ಪ್ರಶ್ನೆ ಕೇಳಲಿ. ಸುಮ್ಮನೆ ಕುಳಿತವರು ತಾವಾಗಿಯೇ ಏಳುತ್ತಾರೆ.

ಹೊಣೆ ಹಂಚುವಾಗ ಇನ್ನೊಂದನ್ನೂ ಗಮನಿಸಿ. ಟೇಪು ಹಿಡಿಯುವವರು ಹುಡುಗರು, ಕಸಬರಿಕೆ ಹಿಡಿಯುವವರು ಹುಡುಗಿಯರು ಎಂದಾದರೆ, ಅಥವಾ ಶೌಚಾಲಯ ತೊಳೆಯುವ ಸರದಿ ಪ್ರತಿ ಸಲವೂ ಕೆಲವೇ ಮನೆಗಳ ಮಕ್ಕಳಿಗೆ ಬರುತ್ತಿದ್ದರೆ, ಅದನ್ನು ಯೋಜನೆ ಎಂದು ಕರೆಯಲು ನಾನು ಸಿದ್ಧನಿಲ್ಲ. ಅಂಥಲ್ಲಿ ಹೆತ್ತವರು ರಕ್ಷಕ ಶಿಕ್ಷಕ ಸಂಘದಲ್ಲಿ ಎದ್ದು ನಿಂತು ಕೇಳಲೇಬೇಕು. ತಮ್ಮ ಮಗಳ ಗುಂಪಿನಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ಒಮ್ಮೆ ವಿಚಾರಿಸಿ.

ಬಾವಿ ಪಂಚಾಯತಿನ ಜವಾಬ್ದಾರಿ ಎಂಬ ಮಾತು ಸರಿ. ಆದರೆ ಯಾವ ಪಂಚಾಯತು? ಕೇರಳದಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳು ಗ್ರಾಮ ಪಂಚಾಯತಿನ ಕೈಯಲ್ಲಿವೆ, ಸರಕಾರಿ ಹೈಸ್ಕೂಲುಗಳು ಜಿಲ್ಲಾ ಪಂಚಾಯತಿನ ಕೈಯಲ್ಲಿ. ಅನುದಾನಿತ ಶಾಲೆಯಾದರೆ ಮ್ಯಾನೇಜರರನ್ನು ಕಾಣಬೇಕು. ದೊಡ್ಡವರಲ್ಲೇ ಅನೇಕರು ಇದನ್ನು ತಿಳಿಯದೆ ತಪ್ಪು ಬಾಗಿಲು ತಟ್ಟುತ್ತಾರೆ. ಇದನ್ನು ಮಕ್ಕಳೇ ಹುಡುಕಿ ತಿಳಿಯಲಿ, ತಿಳಿದು ಅರ್ಜಿಯನ್ನು ಅವರೇ ಬರೆಯಲಿ. ಅಧ್ಯಾಪಕರು ಬರೆದುಕೊಟ್ಟು ಮಕ್ಕಳಿಂದ ಸಹಿ ಹಾಕಿಸುವುದು ಬೇಡ. ಅಳತೆ, ಲೆಕ್ಕ, ತಗಲುವ ಖರ್ಚು, ಮಕ್ಕಳು ಮಾಡಬಲ್ಲದ್ದೆಷ್ಟು, ಪಂಚಾಯತು ಮಾಡಬೇಕಾದದ್ದೆಷ್ಟು, ಎಲ್ಲವೂ ಅದರಲ್ಲಿರಲಿ.

ಅರ್ಜಿ ಕನ್ನಡದಲ್ಲೇ ಇರಲಿ. ಸರಕಾರದ ಯಾವ ಅಧಿಕಾರಿಗೇ ಆಗಲಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಇಲ್ಲಿ ಭಾಷೆಯ ಹಕ್ಕಿನ ಬಗ್ಗೆ ಎಷ್ಟೋ ಸಭೆ ನಡೆಸಿದ್ದೇವೆ, ಎಷ್ಟೋ ಮನವಿ ಕೊಟ್ಟಿದ್ದೇವೆ. ಅದೇ ಹಕ್ಕನ್ನು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಒಂದು ಬಾವಿಗಾಗಿ ಬಳಸಿ, ಕನ್ನಡದಲ್ಲಿ ಉತ್ತರ ತರಿಸಿಕೊಂಡರೆ ಆಕೆಗೆ ಈ ನೆಲದಲ್ಲಿ ತಾನು ಹೊರಗಿನವಳಲ್ಲ ಎಂಬ ಧೈರ್ಯ ಬರುತ್ತದೆ. ಕನ್ನಡದ ಮಕ್ಕಳಿಗೆ ಒಂದು ಪಟ್ಟು ಹೆಚ್ಚು ಬೇಕು ಎಂದದ್ದು ಇದಕ್ಕಾಗಿ. ಉತ್ತರ ಬಾರದಿದ್ದರೆ ನೆನಪೋಲೆ ಬರೆಯಲಿ. ಮಲಯಾಳದಲ್ಲೂ ಒಂದು ಪ್ರತಿ ಸಿದ್ಧಪಡಿಸಲು ಗುಂಪಿಗೆ ಮನಸ್ಸಿದ್ದರೆ ಅದೂ ಒಳ್ಳೆಯದೇ, ಆದರೆ ಕನ್ನಡದ ಪ್ರತಿಗೆ ಬದಲಾಗಿ ಅಲ್ಲ.

ಊರಿಗೆ ಇದು ಹೊಸತೇನೂ ಅಲ್ಲ. ತಮ್ಮ ಪಕ್ಕದ ಏತಡ್ಕದಲ್ಲಿ ಕೃಷಿಕರು ಮಳೆ ನಿಂತ ಮೇಲೆ ಒಟ್ಟಾಗಿ ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟ ಹಾಕಿ ನೀರು ನಿಲ್ಲಿಸುತ್ತಾರೆ. ಗುಂಪಿನ ಮಕ್ಕಳನ್ನು ಒಂದು ಶನಿವಾರ ಅಲ್ಲಿಗೆ ಕರೆದುಕೊಂಡು ಹೋಗಿ. ಯಾರ ತೋಟಕ್ಕೆ ಎಷ್ಟು ನೀರು, ಖರ್ಚು ಯಾರದ್ದು, ತಕರಾರು ಬಂದರೆ ತೀರ್ಮಾನ ಹೇಗೆ ಎಂದು ಅವರೇ ಕೇಳಲಿ.

ಯೋಜನೆ ನಿಜವಾಗಿ ಮಕ್ಕಳದ್ದೇ ಎಂದು ತಿಳಿಯುವುದು ಹೇಗೆ ಎಂದರೆ, ಅಧ್ಯಾಪಕರು ಒಂದು ವಾರ ರಜೆಯಲ್ಲಿದ್ದಾಗ ನೀರಿನ ಮಟ್ಟದ ಪುಸ್ತಕ ತೆರೆದು ನೋಡಿ. ಆ ವಾರದ ಗುರುತು ಇದ್ದರೆ ಮಗಳನ್ನು ತಡೆಯಬೇಡಿ. ಇಲ್ಲದಿದ್ದರೆ ತಮ್ಮ ದೂರನ್ನು ಮುಖ್ಯೋಪಾಧ್ಯಾಯರಿಗೆ ಧಾರಾಳವಾಗಿ ಹೇಳಿ, ಅಗತ್ಯವಾದರೆ ಈ ಉತ್ತರವನ್ನೂ ತೋರಿಸಿ.

ಗುಂಪು ಬರೆದ ಅರ್ಜಿಯ ಪ್ರತಿಯನ್ನು, ಬಂದರೆ ಕಚೇರಿಯ ಉತ್ತರವನ್ನು ನಮಗೂ ಕಳುಹಿಸಿಕೊಡಿ. ಮಕ್ಕಳ ಒಪ್ಪಿಗೆ ಪಡೆದು ಎರಡನ್ನೂ ಒಂದೇ ಪುಟದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ