ಸಾಕೆಟ್ ಒಂದೇ ಇದ್ದರೆ ಪ್ರೊಸೆಸರ್ ಓಡುತ್ತದಾ?

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನಲ್ಲಿ ಎಚ್110 ಮದರ್‌ಬೋರ್ಡ್, ಕೋರ್ ಐ5-6500 ಪ್ರೊಸೆಸರ್ ಇದೆ. ಸೆಕೆಂಡ್ ಹ್ಯಾಂಡ್ ಐ7-8700 ಒಂದು ಸಿಗುತ್ತಿದೆ. ಎರಡಕ್ಕೂ ಎಲ್‌ಜಿಎ 1151 ಸಾಕೆಟ್ ಅಂತಲೇ ಬರೆದಿದೆ. ತಂದು ಹಾಕಿದರೆ ಕೆಲಸ ಮಾಡುತ್ತದಾ?

ಇಲ್ಲ, ಅದನ್ನು ಕೊಳ್ಳಬೇಡಿ. ಐ7-8700 ನಿಮ್ಮ ಸಾಕೆಟ್‌ನಲ್ಲಿ (ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) ಸರಿಯಾಗಿಯೇ ಕೂರುತ್ತದೆ, ಕ್ಲಿಪ್ಪೂ ಮುಚ್ಚುತ್ತದೆ. ಆದರೆ ಕಂಪ್ಯೂಟರ್ ಆನ್ ಆಗುವುದಿಲ್ಲ.

ಇಂಟೆಲ್ 1151 ಎಂಬ ಒಂದೇ ಹೆಸರನ್ನು ಎರಡು ಬೇರೆ ವ್ಯವಸ್ಥೆಗಳಿಗೆ ಬಳಸಿತು. 6 ಮತ್ತು 7ನೇ ತಲೆಮಾರಿನ ಪ್ರೊಸೆಸರ್‌ಗಳಿಗೆ 100 ಮತ್ತು 200 ಸರಣಿಯ ಚಿಪ್‌ಸೆಟ್ (ಪ್ರೊಸೆಸರನ್ನು ಬೋರ್ಡ್‌ನ ಉಳಿದ ಭಾಗಗಳಿಗೆ ಬೆಸೆಯುವ ಚಿಪ್) ಬೇಕು. ನಿಮ್ಮ ಎಚ್110 ಈ 100 ಸರಣಿಯದು. 2017ರ ಕೊನೆಯಲ್ಲಿ ಬಂದ 8ನೇ ತಲೆಮಾರು ಮತ್ತು ಅದರ ನಂತರದ 9ನೇ ತಲೆಮಾರಿಗೆ 300 ಸರಣಿಯ ಚಿಪ್‌ಸೆಟ್ಟೇ ಆಗಬೇಕು. ಐ5-6500ರಲ್ಲಿ 4 ಕೋರ್, ಐ7-8700ರಲ್ಲಿ 6. ಹೆಚ್ಚಿನ ಕೋರ್‌ಗಳಿಗೆ ಕರೆಂಟ್ ಸಾಲಬೇಕಲ್ಲ, ಅದಕ್ಕೆ ಪಿನ್‌ಗಳ ಹಂಚಿಕೆಯನ್ನೇ ಬದಲಿಸಿದರು. ಹೊರಗಿನಿಂದ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಬಯಾಸ್ (ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಓಡುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ತಿದ್ದಿ, ಪಿನ್‌ಗಳಿಗೆ ಟೇಪ್ ಅಂಟಿಸಿ ಓಡಿಸುವ ವಿಡಿಯೊಗಳು ನಿಮ್ಮ ಕಣ್ಣಿಗೂ ಬೀಳಬಹುದು. ದಿನಾ ಕೆಲಸಕ್ಕೆ ಬೇಕಾದ ಕಂಪ್ಯೂಟರ್ ಮೇಲೆ ಅಂಥ ಪ್ರಯೋಗ ಬೇಡವೇ ಬೇಡ.

ಹಾಗಾಗಿ ಸಾಕೆಟ್ ಹೆಸರು ಮೊದಲ ಹೆಜ್ಜೆ ಅಷ್ಟೇ. ಕೊನೆಯ ಮಾತು ನಿಮ್ಮ ಮದರ್‌ಬೋರ್ಡ್ ತಯಾರಕರ ಸೈಟ್‌ನಲ್ಲಿರುವ 'ಸಿಪಿಯು ಸಪೋರ್ಟ್' ಪಟ್ಟಿಯದು. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಅಥವಾ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಬೋರ್ಡ್‌ನ ಪೂರ್ತಿ ಮಾದರಿ ಹೆಸರು ಸಿಗುತ್ತದೆ. ಕೆಲವು ಬೋರ್ಡ್‌ಗಳ ಮೂಲೆಯಲ್ಲಿ ರಿವಿಷನ್ ಸಂಖ್ಯೆಯೂ ಅಚ್ಚಾಗಿರುತ್ತದೆ, ಅದನ್ನೂ ಬರೆದುಕೊಳ್ಳಿ. ಒಂದೇ ಹೆಸರಿನ ಎರಡು ರಿವಿಷನ್‌ಗಳಿಗೆ ಬೇರೆ ಬೇರೆ ಪಟ್ಟಿ ಇರಬಹುದು. ಪಟ್ಟಿಯಲ್ಲಿ ಪ್ರತಿ ಪ್ರೊಸೆಸರ್ ಎದುರು ಒಂದು ಬಯಾಸ್ ಆವೃತ್ತಿ ಇರುತ್ತದೆ. ಕನಿಷ್ಠ ಆ ಆವೃತ್ತಿ ನಿಮ್ಮ ಬೋರ್ಡ್‌ನಲ್ಲಿ ಇರಲೇಬೇಕು. ಕಂಪನಿಯಿಂದ ಜೋಡಿಸಿಕೊಂಡೇ ಬಂದ ಪಿಸಿ ಆದರೆ ಆ ಪಿಸಿ ಕಂಪನಿಯ ಸೈಟ್‌ನಲ್ಲೇ ಹುಡುಕಿ, ಏಕೆಂದರೆ ಬಯಾಸ್ ಕೊಡುವುದು ಅವರೇ.

ಎಚ್110ಕ್ಕೆ ಹೊಂದುವುದು ಐ7-6700, ಬಯಾಸ್ ಅಪ್‌ಡೇಟ್ ಮಾಡಿದರೆ ಐ7-7700. ಎರಡೂ 4 ಕೋರ್, 8 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲುಗಳು). ಹೆಸರಲ್ಲಿ 'ಕೆ' ಇರುವ ಮಾದರಿಗೆ ಜಾಸ್ತಿ ದುಡ್ಡು ಕೊಡಬೇಡಿ, ಎಚ್110ರಲ್ಲಿ ಓವರ್‌ಕ್ಲಾಕಿಂಗ್‌ಗೆ, ಅಂದರೆ ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವುದಕ್ಕೆ, ಅವಕಾಶವಿಲ್ಲ. ನಿಜ ಹೇಳಬೇಕೆಂದರೆ, ತೀರಾ ಅಗ್ಗಕ್ಕೆ ಸಿಗದ ಹೊರತು ಇವೆರಡನ್ನೂ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಎರಡೂ ಇಲ್ಲ. ಆ ದುಡ್ಡನ್ನು ಹೊಸ ಬೋರ್ಡ್ ಕಡೆಗೆ ಉಳಿಸಿಕೊಳ್ಳುವುದೇ ಲೇಸು.

ಪ್ರಶ್ನೆ: ಬಿ450 ಬೋರ್ಡ್‌ನಲ್ಲಿ ರೈಝನ್ 3 2200ಜಿ ಇದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ರೈಝನ್ 5 5600 ಹಾಕಬೇಕೆಂದಿದ್ದೇನೆ. ಎರಡೂ ಎಎಂ4 ಅಲ್ವಾ?

ಎರಡೂ ಎಎಂ4 ಹೌದು. ಎಎಂಡಿ ಈ ಸಾಕೆಟ್ಟನ್ನು ಅನೇಕ ವರ್ಷ ಬಿಡದೆ ಉಳಿಸಿಕೊಂಡಿತು. ಹಳೆ ಬಳಕೆದಾರರಿಗೆ ಇದರಿಂದ ಆದ ಅನುಕೂಲ ದೊಡ್ಡದು. ಬಿ450ಯಲ್ಲಿ 5600 ಓಡುತ್ತದೆ. ಆದರೆ ನಿಮ್ಮ ಮಾನಿಟರ್‌ನಲ್ಲಿ ಏನೂ ಕಾಣುವುದಿಲ್ಲ!

ಈಗ ನಿಮಗೆ ಪರದೆಯಲ್ಲಿ ಚಿತ್ರ ಬರುತ್ತಿರುವುದು 2200ಜಿ ಒಳಗಿರುವ ವೇಗಾ ಗ್ರಾಫಿಕ್ಸ್‌ನಿಂದ. 5600ರಲ್ಲಿ ಗ್ರಾಫಿಕ್ಸ್ ಇಲ್ಲ. ನಿಮಗೆ ಬೇಕಾದದ್ದು 5600ಜಿ. ಅದರಲ್ಲೂ 6 ಕೋರ್, 12 ಥ್ರೆಡ್. ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಮಾತ್ರ 32 ಎಂಬಿ ಬದಲು 16 ಎಂಬಿ. ಮುಂದೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದು ಖಚಿತವಾಗಿದ್ದರೆ ಮಾತ್ರ 5600 ತೆಗೆದುಕೊಳ್ಳಿ, ಅದೂ ಕಾರ್ಡ್ ಜೊತೆಗೇ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಎಫ್' ಬಂದರೆ ಗ್ರಾಫಿಕ್ಸ್ ಇಲ್ಲವೆಂದೇ ಅರ್ಥ.

ಇನ್ನೊಂದು ಮುಖ್ಯ ವಿಷಯ. ಹಳೆ ಪ್ರೊಸೆಸರ್ ಬೋರ್ಡ್‌ನಲ್ಲಿ ಇರುವಾಗಲೇ ಬಯಾಸ್ ಅಪ್‌ಡೇಟ್ ಮುಗಿಸಿ. ಹಳೆ ಬಯಾಸ್‌ಗೆ 5000 ಸರಣಿಯ ಪರಿಚಯವೇ ಇರುವುದಿಲ್ಲ. ಹೊಸದನ್ನು ಕೂರಿಸಿದ ಮೇಲೆ ಅಪ್‌ಡೇಟ್ ಮಾಡೋಣ ಅಂದರೆ ಪರದೆಯೇ ಬರದು. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ ಬರೆಯುವ ಫ್ಲ್ಯಾಶ್‌ಬ್ಯಾಕ್ ಬಟನ್ ಕೆಲವು ಬೋರ್ಡ್‌ಗಳಲ್ಲಿ ಮಾತ್ರ ಇದೆ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಬಾರದು, ಯುಪಿಎಸ್ ಇದ್ದರೆ ನೆಮ್ಮದಿ.

ಡ್ರೈವ್‌ಗೆ ಬಿಟ್‌ಲಾಕರ್ (ಡ್ರೈವ್‌ನ ಫೈಲ್‌ಗಳಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಎಎಂಡಿ ಪ್ರೊಸೆಸರ್ ಬದಲಾಯಿಸಿದಾಗ ಆ ಬೀಗದ ಕೀಗಳನ್ನು ಕಾಪಾಡುವ ಫರ್ಮ್‌ವೇರ್ ಟಿಪಿಎಂ ರೀಸೆಟ್ ಆಗುತ್ತದೆ, ಆಗ ವಿಂಡೋಸ್ ಆ ಕೀ ಕೇಳುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ, ಆಮೇಲೆ ಫೈಲ್‌ಗಳಿಗಾಗಿ ಪರದಾಡುತ್ತಾರೆ.

ಬಿಚ್ಚುವಾಗಲೂ ಜೋಪಾನ. ಎಎಂ4ರಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ಗೆ. ಹಳೆ ಥರ್ಮಲ್ ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಎಳೆದಾಗ ಲಿವರ್ ಲಾಕ್ ಆಗಿದ್ದರೂ ಪ್ರೊಸೆಸರ್ ಕಿತ್ತುಕೊಂಡು ಬರುತ್ತದೆ, ಪಿನ್ ಬಾಗುತ್ತದೆ. ಮೊದಲು ಹತ್ತು ಹದಿನೈದು ನಿಮಿಷ ಕಂಪ್ಯೂಟರ್‌ನಲ್ಲಿ ಏನಾದರೂ ಭಾರದ ಕೆಲಸ ಓಡಿಸಿ. ಪೇಸ್ಟ್ ಬಿಸಿಯಾಗಿ ಮೆತ್ತಗಾಗುತ್ತದೆ. ಆಮೇಲೆ ಕಂಪ್ಯೂಟರ್ ಆಫ್ ಮಾಡಿ, ಪವರ್ ಕೇಬಲ್ ತೆಗೆದು, ಕೂಲರನ್ನು ನಿಧಾನಕ್ಕೆ ಎಡಕ್ಕೆ ಬಲಕ್ಕೆ ತಿರುಗಿಸಿ ಬಿಡಿಸಿ. ನೇರ ಮೇಲಕ್ಕೆ ಎಳೆಯಬೇಡಿ.

ಪ್ರಶ್ನೆ: ಐ5-12400 ಮತ್ತು ಹೊಸ ಬೋರ್ಡ್ ಕೊಂಡರೆ ನನ್ನ ಹಳೆ ಡಿಡಿಆರ್4 ರ‍್ಯಾಮ್, 1151 ಕೂಲರ್ ಉಪಯೋಗಕ್ಕೆ ಬರುತ್ತವಾ?

ರ‍್ಯಾಮ್ ಬರುತ್ತದೆ, ಡಿಡಿಆರ್4 ಸ್ಲಾಟ್ ಇರುವ ಬೋರ್ಡ್ ಆರಿಸಿಕೊಂಡರೆ. ಐ5-12400 ಕೂರುವ ಎಲ್‌ಜಿಎ 1700 ಬೋರ್ಡ್‌ಗಳು ಡಿಡಿಆರ್4, ಡಿಡಿಆರ್5 ಎರಡು ಬಗೆಯಲ್ಲೂ ಬಂದಿವೆ. ಬೋರ್ಡ್ ಹೆಸರಲ್ಲಿ 'ಡಿ4' ಅಥವಾ 'ಡಿಡಿಆರ್4' ಇದೆಯಾ ನೋಡಿ. ಡಿಡಿಆರ್5 ಸ್ಲಾಟ್‌ನಲ್ಲಿ ಡಿಡಿಆರ್4 ಕೂರುವುದಿಲ್ಲ, ನಡುವಿನ ಕಚ್ಚಿನ ಜಾಗವೇ ಬೇರೆ. ಎಎಂಡಿಯ ಎಎಂ5, ಇಂಟೆಲ್‌ನ ಎಲ್‌ಜಿಎ 1851 ಸಾಕೆಟ್‌ಗಳ ಕಡೆ ಹೋಗುವುದಾದರೆ ಡಿಡಿಆರ್5 ಕೊಳ್ಳದೆ ವಿಧಿಯಿಲ್ಲ.

ಕೂಲರ್ ನೇರವಾಗಿ ಕೂರದು. 1151ರಲ್ಲಿ ಸ್ಕ್ರೂ ತೂತುಗಳ ನಡುವಿನ ಅಂತರ 75 ಮಿಲಿಮೀಟರ್, 1700ರಲ್ಲಿ 78. ಒಳ್ಳೆಯ ಕೂಲರ್ ಆಗಿದ್ದರೆ ತಯಾರಕರ ಹತ್ತಿರ 1700ರ ಬ್ರ್ಯಾಕೆಟ್ ಸಿಗುತ್ತದಾ ವಿಚಾರಿಸಿ. ಪ್ರೊಸೆಸರ್ ಜೊತೆ ಬಂದ ಸಾದಾ ಕೂಲರ್ ಆಗಿದ್ದರೆ ಅದರ ಚಿಂತೆ ಬಿಡಿ. ಬಾಕ್ಸ್‌ನಲ್ಲಿ ಬರುವ ಐ5-12400 ಜೊತೆ ಕೂಲರ್ ಇರುತ್ತದೆ, ಬಾಕ್ಸ್ ಇಲ್ಲದೆ ಬಿಡಿಯಾಗಿ ಮಾರುವ 'ಟ್ರೇ' ಪ್ರೊಸೆಸರ್ ಜೊತೆ ಇರುವುದಿಲ್ಲ. ಯಾವುದು ಅಂತ ಕೇಳಿಕೊಂಡೇ ದುಡ್ಡು ಕೊಡಿ.