ರಗ್ಬಿ ಕ್ಲಬ್‌ಗೆ 40 ಆಟಗಾರರು ಯಾಕೆ? ಹೊಸ ಸೀಸನ್‌ನ ತಂಡ ಗಟ್ಟಿ ಇದೆಯೋ ಇಲ್ಲವೋ ನೋಡುವುದು ಹೇಗೆ?

ನೀವು ಗೋಣಿಕೊಪ್ಪದಿಂದ ಕೇಳಿದ್ದು ಇದು: ಕೊಡವ ಕುಟುಂಬ ಹಾಕಿಯಲ್ಲಿ 11 ಜನರ ಜೊತೆ ಬೆರಳೆಣಿಕೆಯ ಬದಲಿಗಳಿದ್ದರೆ ಟೂರ್ನಿಯೇ ಮುಗಿಯುತ್ತದೆ, ಯುರೋಪಿನ ರಗ್ಬಿ ಕ್ಲಬ್ 40 ಜನರಿಗೆ ಯಾಕೆ ಸಂಬಳ ಕೊಡಬೇಕು? ಹೊಸಬರ ಪಟ್ಟಿ ನೋಡಿ ತಂಡವನ್ನು ಅಳೆಯುವುದು ಹೇಗೆ?

ಹಾಕಿಯಲ್ಲಿ ಹೊರಬಂದವನು ಉಸಿರು ತಗೊಂಡು ಮತ್ತೆ ಒಳಗೆ ಹೋಗಬಹುದು, ಎಷ್ಟು ಸಲ ಬೇಕಾದರೂ. ರಗ್ಬಿಯಲ್ಲಿ ರಕ್ತ ಸೋರುವ ಗಾಯ, ತಲೆಪೆಟ್ಟಿನ ತಪಾಸಣೆಯಂಥ ಕೆಲವೇ ಕಾರಣ ಬಿಟ್ಟರೆ ಬದಲಿಯಾದವನ ಆಟ ಅಲ್ಲಿಗೆ ಮುಗಿಯಿತು. ಪಂದ್ಯಕ್ಕೆ 15 ಜನ, ಬೆಂಚಿನಲ್ಲಿ 8, ಒಟ್ಟು 23. ಆ 23ರಲ್ಲಿ ಕನಿಷ್ಠ 6 ಮಂದಿ ಸ್ಕ್ರಮ್‌ನ (ಎರಡೂ ತಂಡದ ಎಂಟೆಂಟು ಜನ ಭುಜಕ್ಕೆ ಭುಜ ಕೊಟ್ಟು ತಳ್ಳಾಡುವ ಕಟ್ಟು) ಮೊದಲ ಸಾಲಿನಲ್ಲಿ ಆಡಲು ತರಬೇತಾದವರೇ ಇರಬೇಕು. ಇಲ್ಲವೆಂದರೆ ಕುತ್ತಿಗೆಯ ಅಪಾಯ.

ಹಾಗಾಗಿ ಪಟ್ಟಿ ಕೈಗೆ ಸಿಕ್ಕಾಗ ನಾನು ಮೊದಲು ಎಣಿಸುವುದು 3ನೇ ನಂಬರಿನವರನ್ನು, ಅಂದರೆ ಮೊದಲ ಸಾಲಿನ ಬಲತುದಿಯ ಟೈಟ್‌ಹೆಡ್ ಪ್ರಾಪ್‌ಗಳನ್ನು. ಎಡತುದಿಯ ಪ್ರಾಪ್ ಲೂಸ್‌ಹೆಡ್‌ಗೆ ಒಂದು ಭುಜದ ಕಡೆ ಬಯಲು. ಟೈಟ್‌ಹೆಡ್‌ನ ತಲೆ ಎದುರಿನ ಇಬ್ಬರ ನಡುವೆ ಸಿಕ್ಕಿ ಎರಡೂ ಭುಜಕ್ಕೆ ಭಾರ ಬೀಳುತ್ತದೆ. ಒಬ್ಬನೇ ಎರಡೂ ಕಡೆ ಒಂದೇ ಮಟ್ಟದಲ್ಲಿ ಆಡುವುದು ಅಪರೂಪ. ಇಡೀ ಸೀಸನ್‌ಗೆ ನನ್ನ ಲೆಕ್ಕ ಹೀಗೆ: ಲೂಸ್‌ಹೆಡ್ 4, ಅವರ ನಡುವಿನ ಹುಕರ್ 3, ಟೈಟ್‌ಹೆಡ್ 4, ಎರಡನೇ ಸಾಲಿನ ಲಾಕ್ 5, ಸ್ಕ್ರಮ್‌ನ ಹಿಂಬದಿಯ ಫ್ಲ್ಯಾಂಕರ್ ಮತ್ತು 8ನೇ ನಂಬರ್ ಸೇರಿ 7, ಸ್ಕ್ರಮ್‌ನಿಂದ ಚೆಂಡು ಎತ್ತಿಕೊಡುವ ಸ್ಕ್ರಮ್‌ಹಾಫ್ 3, ಆಟ ನಡೆಸುವ ಫ್ಲೈಹಾಫ್ 3, ಸೆಂಟರ್ 5, ವಿಂಗ್ ಮತ್ತು ಫುಲ್‌ಬ್ಯಾಕ್ ಸೇರಿ 6. ಕೂಡಿದರೆ 40.

ಹುಕರ್ 3 ಜನ ದುಂದು ಅನ್ನಿಸಿದರೆ 2023ರ ವಿಶ್ವಕಪ್ ನೋಡಿ. ದಕ್ಷಿಣ ಆಫ್ರಿಕಾದ ಹುಕರ್ ಮಾಲ್ಕಮ್ ಮಾರ್ಕ್ಸ್ ಗಾಯಗೊಂಡು ಮನೆಗೆ ಹೋದಾಗ ಕರೆಸಿದ್ದು ಇನ್ನೊಬ್ಬ ಹುಕರ್‌ನನ್ನಲ್ಲ, ಫ್ಲೈಹಾಫ್ ಹ್ಯಾಂಡ್ರೆ ಪೊಲಾರ್ಡ್‌ನನ್ನು. ಫೈನಲ್‌ನ ಶುರುವಿನಲ್ಲೇ ಉಳಿದಿದ್ದ ಹುಕರ್ ಬೊಂಗಿ ಎಂಬೊನಾಂಬಿ ಗಾಯವಾಗಿ ಹೊರಬಿದ್ದ. ಆ ಹೊತ್ತಿಗೆ ಹೆಚ್ಚಾಗಿ ಫ್ಲ್ಯಾಂಕರ್ ಆಗಿದ್ದ ಡಿಯಾನ್ ಫೂರಿ ಉಳಿದ ಆಟವಿಡೀ ಹುಕರ್ ಆದ, ಲೈನ್‌ಔಟ್ (ಗೆರೆ ದಾಟಿದ ಚೆಂಡನ್ನು ಸಾಮಾನ್ಯವಾಗಿ ಹುಕರ್ ಒಳಗೆಸೆಯುವುದು) ತತ್ತರಿಸಿತು. ಗೆದ್ದರು ನಿಜ, 12–11ರಲ್ಲಿ, ಅದೂ ಪೊಲಾರ್ಡ್‌ನ ನಾಲ್ಕು ಪೆನಾಲ್ಟಿಗಳಿಂದ. ಆ ಜೂಜು ಫಲಿಸಿತು ಅಂತ ಕ್ಲಬ್‌ಗಳು ಅದನ್ನೇ ಸೀಸನ್‌ಪೂರ್ತಿ ಆಡಲು ಆಗುವುದಿಲ್ಲ.

ಆಟಗಾರರು ಖಾಲಿಯಾಗುವುದಕ್ಕೆ ಎರಡು ದೊಡ್ಡ ದಾರಿಗಳಿವೆ. ಒಂದು ತಲೆಪೆಟ್ಟು: ಖಚಿತವಾದರೆ ಹೆಚ್ಚಿನವರಿಗೆ ಕನಿಷ್ಠ 12 ದಿನ ಆಟವಿಲ್ಲ, ಅಂದರೆ ಮುಂದಿನ ಶನಿವಾರ ಗ್ಯಾರಂಟಿ ಇಲ್ಲ. ಇನ್ನೊಂದು ರಾಷ್ಟ್ರೀಯ ತಂಡದ ಕರೆ, ನವೆಂಬರ್‌ನಲ್ಲಿ ಒಮ್ಮೆ, ಫೆಬ್ರವರಿ–ಮಾರ್ಚ್‌ನಲ್ಲಿ ಯುರೋಪಿನ ಆರು ದೇಶಗಳ ಟೂರ್ನಿ ಸಿಕ್ಸ್ ನೇಷನ್ಸ್‌ಗೆ ಮತ್ತೊಮ್ಮೆ. ಫ್ರಾನ್ಸ್‌ನ ಕ್ಲಬ್ ಲೀಗ್ ಟಾಪ್ 14 ಆಗಲೂ ನಡೆಯುತ್ತಲೇ ಇರುತ್ತದೆ. ಹೆಸರುವಾಸಿಗಳೇ ತುಂಬಿರುವ ಕ್ಲಬ್ ಆ ವಾರಗಳಲ್ಲಿ ಹುಡುಗರನ್ನು ಇಳಿಸಿ ಪಾಯಿಂಟ್ ಕಳೆದುಕೊಳ್ಳುತ್ತದೆ. ದೇಶಕ್ಕೆ ಆಡುವ ಹಂತ ದಾಟಿದ 30ರ ಆಸುಪಾಸಿನ ಲಾಕ್ ಒಬ್ಬನ ಸೇರ್ಪಡೆ ಪತ್ರಿಕೆಯಲ್ಲಿ ಒಂದು ಸಾಲಿನ ಸುದ್ದಿ. ಆದರೆ ಫೆಬ್ರವರಿಯಲ್ಲಿ ತಂಡ ನಿಲ್ಲುವುದು ಅವನ ಮೇಲೆ.

ನ್ಯೂಜಿಲೆಂಡ್, ಆಸ್ಟ್ರೇಲಿಯಾದಿಂದ ಬರುವವರ ವಿಷಯದಲ್ಲಿ ತಾರೀಖು ನೋಡಿ. ಅಲ್ಲಿನ ಲೀಗ್ ಸೂಪರ್ ರಗ್ಬಿ ಫೆಬ್ರವರಿಯಿಂದ ಜೂನ್‌ವರೆಗೆ, ಯುರೋಪಿನ ಸೀಸನ್ ಸೆಪ್ಟೆಂಬರ್‌ನಿಂದ ಜೂನ್‌ವರೆಗೆ. ನಡುವೆ ವಿಶ್ರಾಂತಿ ಕೊಡದೆ ಇಳಿಸಿದರೆ ಡಿಸೆಂಬರ್ ಹೊತ್ತಿಗೆ ಸ್ನಾಯು ಕೈಕೊಡುತ್ತದೆ.

ದುಡ್ಡಿಗೂ ಮಿತಿ ಇದೆ. ಇಂಗ್ಲೆಂಡಿನ ರಗ್ಬಿಯ ಅಗ್ರ ಲೀಗ್ ಪ್ರೀಮಿಯರ್‌ಶಿಪ್‌ನಲ್ಲಿ 2024–25ರಿಂದ ಸಂಬಳದ ಮೂಲ ಮಿತಿ 64 ಲಕ್ಷ ಪೌಂಡ್. 40ರಿಂದ ಭಾಗಿಸಿದರೆ ತಲೆಗೆ 1.6 ಲಕ್ಷ, ಒಬ್ಬ ಫ್ಲೈಹಾಫ್‌ಗೆ ಅದರ ಮೂರು ಪಟ್ಟು ಕೊಟ್ಟರೆ ನಾಲ್ಕನೇ ಟೈಟ್‌ಹೆಡ್ ಆಗಿ ಅಕಾಡೆಮಿ ಹುಡುಗನೇ ಗತಿ. 20 ವರ್ಷದ ಪ್ರಾಪ್ ಅಂದರೆ ಸ್ಕ್ರಮ್‌ನಲ್ಲಿ ಪೆನಾಲ್ಟಿ ಬಿಟ್ಟುಕೊಡುವುದು ಬಹುತೇಕ ಖಚಿತ. ಫ್ರಾನ್ಸ್‌ನಲ್ಲಿ ಇದರ ಮೇಲೆ ಜಿಫ್ ನಿಯಮವೂ ಇದೆ: ಅಲ್ಲಿನ ಅಕಾಡೆಮಿಗಳಲ್ಲಿ ಬೆಳೆದವರು ಪಂದ್ಯದ 23ರಲ್ಲಿ ಸರಾಸರಿ ಇಷ್ಟು ಅಂತ ಇರಲೇಬೇಕು. ಒಕ್ಕದ (ಕೊಡವ ಮನೆತನದ) ಹೊರಗಿನಿಂದ ಆಟಗಾರನನ್ನು ತರಲಾಗದ ನಿಮ್ಮ ಊರಿನ ತಂಡದವರಿಗೆ ಈ ತಲೆನೋವು ಹೇಳಿಕೊಡಬೇಕಾಗಿಲ್ಲ!

ನೀವೇ ಪರೀಕ್ಷಿಸಲು: ಪಟ್ಟಿಯಲ್ಲಿ ರಾಷ್ಟ್ರೀಯ ಆಟಗಾರರನ್ನೆಲ್ಲ ಹೊಡೆದುಹಾಕಿ, ಮೊದಲ ಸಾಲಿನಿಂದ ಇನ್ನೊಬ್ಬನನ್ನು, ಲಾಕ್‌ಗಳಲ್ಲಿ ಒಬ್ಬನನ್ನು ಗಾಯಾಳು ಅಂತ ತೆಗೆಯಿರಿ. ಉಳಿದವರಲ್ಲಿ 23 ಜನರ ತಂಡ ಬರೆಯಿರಿ. 3 ಮತ್ತು 18ನೇ ನಂಬರಿಗೆ (ಬೆಂಚಿನ ಟೈಟ್‌ಹೆಡ್) ಹೆಸರು ಹುಡುಕಲು ತಡಕಾಡಿದಿರಾದರೆ, ಆ ಕ್ಲಬ್ ಎಷ್ಟೇ ಒಳ್ಳೆಯ ವಿಂಗರ್ ತಂದಿರಲಿ, ನಾನು ಅದನ್ನು ಪ್ಲೇಆಫ್‌ಗೆ ಲೆಕ್ಕ ಹಾಕುವುದಿಲ್ಲ.